ಬೆವರುವ ನೆಲಕ್ಕೆ ಯಾವ ಹಾಸು? ತಪ್ಪು ಕಲ್ಪನೆ ಮತ್ತು ಸತ್ಯ

ಮಲೆನಾಡಿನಲ್ಲಿ ಗುಡ್ಡದ ಇಳಿಜಾರಿಗೆ ಕಟ್ಟಿದ ಎಷ್ಟೋ ಮನೆಗಳ ಅಡಿಯಲ್ಲಿ ಒಂದು ಕೋಣೆ ಇರುತ್ತದೆ. ಮುಂದಿನ ಬಾಗಿಲು ಅಂಗಳಕ್ಕೆ ತೆರೆದರೆ, ಹಿಂದಿನ ಗೋಡೆ ಧರೆಗೆ ಒರಗಿರುತ್ತದೆ. ಅಡಿಕೆ ಮೂಟೆ, ಸೌದೆ ಇಡುತ್ತಿದ್ದ ಆ ಜಾಗವನ್ನು ಈಗ ಮಕ್ಕಳ ಓದಿಗೋ ಹೋಂಸ್ಟೇಗೋ ಬಳಸುವವರು ಹೆಚ್ಚುತ್ತಿದ್ದಾರೆ. ಜೂನ್ ಬಂದರೆ ಮಾತ್ರ ನೆಲವೆಲ್ಲ ಪಸೆ ಪಸೆ. ಊರು ಪಟ್ಟಣಗಳ ಬೇಸ್‌ಮೆಂಟ್‌ಗಳ ಪಾಡೂ ಇದೇ. "ಇದರ ಮೇಲೆ ಏನು ಹಾಕಿಸಲಿ?" ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದದ್ದು, ಈ ನೀರು ಎಲ್ಲಿಂದ ಬರುತ್ತಿದೆ ಎಂದು.

ತಪ್ಪು ಕಲ್ಪನೆ: ನೆಲ ಒದ್ದೆಯಾದರೆ ಅಡಿಯಿಂದಲೇ ನೀರು ಏರುತ್ತಿದೆ.
ಸತ್ಯ: ನೀರು ಗಾಳಿಯಿಂದಲೂ ಬರುತ್ತದೆ. ಗಾಳಿ 28 ಡಿಗ್ರಿ ಇದ್ದು ತೇವಾಂಶ ಶೇ. 90 ಇದ್ದರೆ, ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ನೆಲದ ಮೇಲೆ ಹನಿ ಕಟ್ಟುತ್ತದೆ. ತಣ್ಣೀರಿನ ಲೋಟ ಬೆವರುವುದೂ ಹೀಗೆಯೇ. ಪರೀಕ್ಷೆ ಸುಲಭ: ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಒತ್ತಿ ಒಂದು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿಯಿದ್ದರೆ ಅದು ಮಣ್ಣಿನ ನೀರು. ಮೇಲೆ ಇದ್ದರೆ ಗಾಳಿಯದ್ದು. ಎರಡೂ ಕಡೆ ಇದ್ದರೆ ಎರಡಕ್ಕೂ ಮದ್ದು ಬೇಕು.

ತಪ್ಪು ಕಲ್ಪನೆ: ಕಿಟಕಿ ತೆರೆದಿಟ್ಟರೆ ನೆಲ ಒಣಗುತ್ತದೆ.
ಸತ್ಯ: ಬೇಸಿಗೆಯ ಒಣಗಾಳಿಗೆ ಈ ಮಾತು ಸರಿ. ಜಡಿಮಳೆಯ ದಿನ ಕಿಟಕಿ ತೆರೆದರೆ ಹೊರಗಿನ ತೇವವೇ ಒಳಗೆ ಬಂದು ತಣ್ಣನೆಯ ನೆಲದ ಮೇಲೆ ಕೂರುತ್ತದೆ. ಅಂಥ ದಿನ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ. ಸಾಧ್ಯವಿದ್ದರೆ ತೇವ ಹೀರುವ ಯಂತ್ರ ಇಡಿ.

ತಪ್ಪು ಕಲ್ಪನೆ: ವಾಟರ್‌ಪ್ರೂಫ್ ಹಾಸು ಹಾಕಿದರೆ ಚಿಂತೆಯಿಲ್ಲ.
ಸತ್ಯ: ಪ್ಲಾಸ್ಟಿಕ್ ಮತ್ತು ಸುಣ್ಣಕಲ್ಲಿನ ಪುಡಿ ಬೆರೆಸಿ ಮಾಡಿದ ಎಸ್‌ಪಿಸಿ ಹಲಗೆ ನೀರಿಗೆ ಉಬ್ಬುವುದಿಲ್ಲ, ನಿಜ. ಆದರೆ ಅದರ ಅಡಿಯಲ್ಲಿ ನೀರು ನಿಂತರೆ? ಪರಿಚಯದವರ ಮನೆಯೊಂದರಲ್ಲಿ ವಿನೈಲ್ ಹಾಸಿನ ಮೂಲೆ ಎತ್ತಿ ನೋಡಿದೆ. ಮೇಲೆ ಹೊಳಪು ಮಾಸಿರಲಿಲ್ಲ. ಅಡಿಯಲ್ಲಿ ಅಂಟು ಕರಗಿ ಲೋಳೆಯಾಗಿತ್ತು, ಕಪ್ಪು ಬೂಷ್ಟು ಅಂಗೈಯಗಲ ಹರಡಿತ್ತು. ಮನೆಯವರಿಗೆ ವಾರಗಟ್ಟಲೆ ಬರುತ್ತಿದ್ದ ಮುಗ್ಗಲು ವಾಸನೆಯ ಮೂಲ ಅದೇ. ಮರದ ಪುಡಿ ಒತ್ತಿ ಮಾಡಿದ ಲ್ಯಾಮಿನೇಟ್ ಹಲಗೆಯಂತೂ ಇಂಥ ಕಡೆ ಅಂಚಿನಿಂದ ಉಬ್ಬಿ ಏಳುತ್ತದೆ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸುವುದು ಬೇಡವೇ ಬೇಡ.

ತಪ್ಪು ಕಲ್ಪನೆ: ಎಪಾಕ್ಸಿ ಬಳಿದರೆ ನೀರು ಅಡಿಯಲ್ಲೇ ನಿಲ್ಲುತ್ತದೆ.
ಸತ್ಯ: ಧರೆಯ ಒರತೆ ಅಡಿಯಿಂದ ಒತ್ತುತ್ತಿದ್ದರೆ ಮೇಲೆ ಬಳಿದ ಪದರ ಗುಳ್ಳೆಯೆದ್ದು ಸಿಪ್ಪೆಯಂತೆ ಕಿತ್ತು ಬರುತ್ತದೆ. ನೀರನ್ನು ಅದು ಬರುವ ಕಡೆಯಲ್ಲೇ ತಡೆಯಬೇಕು. ಗೋಡೆಯ ಹೊರಗೆ, ನೆಲಮಟ್ಟಕ್ಕಿಂತ ಆಳದ ಚರಂಡಿ ತೆಗೆದು ಒರತೆಯನ್ನು ಬೇರೆಡೆಗೆ ತಿರುಗಿಸುವುದು ಮೊದಲ ಕೆಲಸ.

ತಪ್ಪು ಕಲ್ಪನೆ: ಕಲ್ಲು, ಕಾವಿ ನೆಲ ಹಳೇ ಕಾಲಕ್ಕಾಯಿತು.
ಸತ್ಯ: ಒರಟು ಶಹಾಬಾದ್ ಕಲ್ಲು ತೇವವನ್ನು ತಡೆಯುವುದಿಲ್ಲ, ಆದರೆ ತೇವಕ್ಕೆ ಕೊಳೆಯುವುದೂ ಇಲ್ಲ, ಕಾಲೂ ಜಾರದು. ಕಾವಿ ಗಾರೆಯ ಮೇಲೆ ಬಿಳಿ ಉಪ್ಪು ಮೂಡಬಹುದು, ಒರೆಸಬಹುದು. ವಿಟ್ರಿಫೈಡ್ ಟೈಲ್ ನೀರು ಕುಡಿಯುವುದು ತೀರಾ ಕಡಿಮೆ, ಶೇ. 0.5ರ ಒಳಗೆ. ಆದರೆ ಸಂದಿನ ಸಿಮೆಂಟ್ ಕುಡಿಯುತ್ತದೆ, ಮೇಲೆ ಹನಿ ಕಟ್ಟಿದರೆ ನುಣುಪು ಟೈಲ್ ಜಾರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಮ್ಯಾಟ್ ಟೈಲನ್ನೇ ಆರಿಸಿ.

ತಪ್ಪು ಕಲ್ಪನೆ: ಕ್ಯೂರಿಂಗ್ ಮುಗಿದರೆ ಕಾಂಕ್ರೀಟ್ ಒಣಗಿದಂತೆ.
ಸತ್ಯ: ಕ್ಯೂರಿಂಗ್ ಎಂದರೆ ನೀರು ಕೊಟ್ಟು ಗಟ್ಟಿ ಮಾಡುವುದು. ಒಣಗಲು ಅಂಗುಲಕ್ಕೆ ಸುಮಾರು ಒಂದು ತಿಂಗಳು ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹೊಸ ನೆಲವಾದರೆ ಅಡಿಯಲ್ಲಿ ನಾಲ್ಕಂಗುಲ ಜಲ್ಲಿ, ಅದರ ಮೇಲೆ ದಪ್ಪ ಪಾಲಿಥೀನ್ ಹಾಳೆ, ಆಮೇಲೆ ಕಾಂಕ್ರೀಟ್ ಬರಲಿ. ಜಲ್ಲಿಯ ದೊಡ್ಡ ಸಂದುಗಳಲ್ಲಿ ಮಣ್ಣಿನ ನೀರು ಮೇಲಕ್ಕೆ ಹತ್ತಲಾರದು.

ನೆಲ ಹಾಕಿಸುವವರು ಹೆಚ್ಚಾಗಿ ಬೇಸಿಗೆಯಲ್ಲಿ ಬಂದು ನೋಡುತ್ತಾರೆ. ಆಗ ಎಲ್ಲ ನೆಲವೂ ಒಣಗಿಯೇ ಇರುತ್ತದೆ. ಆಷಾಢದಲ್ಲಿ ಹಾಳೆ ಹಾಸಿ ಪರೀಕ್ಷಿಸಿ, ಮಾಘದಲ್ಲಿ ಮೇಸ್ತ್ರಿಯನ್ನು ಕರೆಯಿರಿ.