ಮುಂದೆ ಎರಡು, ಹಿಂದೆ ಒಂದು: ಮೂರು ಚಕ್ರದ ಗಾಡಿ ವಾಲುವುದೇಕೆ?



ಪುಣೆಯ ಹಿರಿಯ ಕೇಳುಗರೊಬ್ಬರು ಈ ಬಾರಿ ಒಂದು ಅಪರೂಪದ ಪ್ರಶ್ನೆ ಕಳಿಸಿದ್ದಾರೆ. ಅವರ ಮಗ ಕೆನಡಾದಲ್ಲಿದ್ದಾನೆ. ಅಲ್ಲಿ ಕ್ಯಾನ್-ಆಮ್ ಸ್ಪೈಡರ್ ಎಂಬ ಮೂರು ಚಕ್ರದ ಸ್ಪೋರ್ಟ್ಸ್ ಗಾಡಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದಾನೆ. ಇವರು ಬೇಸಿಗೆಯಲ್ಲಿ ಹೋಗಿದ್ದಾಗ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋಗಿಬಂದನಂತೆ. ಹೆದ್ದಾರಿಯಿಂದ ಕೆಳಗಿಳಿಯುವ ದುಂಡು ತಿರುವಿನಲ್ಲಿ ಗಾಡಿ ಹೊರಗಡೆಗೆ ವಾಲಿತು. ಮನೆಗೆ ಬಂದವರೇ ತಾಯಿ "ಇನ್ನು ನನ್ನನ್ನು ಇದರ ಮೇಲೆ ಕರೀಬೇಡ" ಅಂದುಬಿಟ್ಟರು. ಈಗ ಮಗ ಮುಂದಿನ ಸಸ್ಪೆನ್ಷನ್ ಬದಲಾಯಿಸುತ್ತೇನೆ ಎಂದು ಹೊರಟಿದ್ದಾನೆ. "ಇದರಿಂದ ಗಾಡಿ ನಿಜವಾಗಿ ಸುರಕ್ಷಿತ ಆಗುತ್ತದೆಯೇ ಅಥವಾ ಬರೀ ದುಡ್ಡು ದಂಡವೇ?" ಎಂಬುದು ತಂದೆಯ ಪ್ರಶ್ನೆ.

ಉತ್ತರ ಹೇಳುವ ಮೊದಲು ಗಾಡಿಯ ಪರಿಚಯ ಮಾಡಿಕೊಳ್ಳೋಣ. ಸ್ಪೈಡರ್ 2007ರಲ್ಲಿ ಹೊರಬಂತು. ಮಾಡಿದವರು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಊರಿನ ಬಿಆರ್‌ಪಿ ಕಂಪನಿಯವರು. ಹಿಮದ ಮೇಲೆ ಓಡುವ ಸ್ಕೀ-ಡೂ ಗಾಡಿಗಳೂ ಇವರವೇ. ಆ ಹಿಮಗಾಡಿಗೆ ಮುಂದೆ ಎರಡು ಸ್ಕೀ ಹಲಗೆ, ಹಿಂದೆ ಒಂದು ಪಟ್ಟಿ ಇರುತ್ತದಲ್ಲ, ಸ್ಪೈಡರ್ ನೋಡಿದರೆ ಅದಕ್ಕೇ ಚಕ್ರ ಹಾಕಿ ರಸ್ತೆಗೆ ಬಿಟ್ಟ ಹಾಗಿದೆ. ಕೂರುವುದು ಮೋಟಾರ್‌ಸೈಕಲ್ ಮೇಲೆ ಕೂತಂತೆ, ಹಿಡಿಯುವುದು ಹ್ಯಾಂಡಲ್. ಆದರೆ ಮುಂದಿನ ಎರಡು ಚಕ್ರಗಳ ಜೋಡಣೆ ಪೂರ್ತಿ ಕಾರಿನದು.

ನಮ್ಮ ಆಟೋರಿಕ್ಷಾ ಇದರ ತಲೆಕೆಳಗು: ಮುಂದೆ ಒಂದು, ಹಿಂದೆ ಎರಡು. (ಮುಂಬಯಿಯ ಮಾಟುಂಗಾದ ಕೇಳುಗರು ಆಟೋ ನೋಡಬೇಕಾದರೆ ಸಯನ್ ದಾಟಬೇಕು, ಅದು ಬೇರೆ ಮಾತು.) ಮೂರು ಚಕ್ರಗಳು ನೆಲಕ್ಕೆ ತಾಗುವ ಜಾಗಗಳನ್ನು ಮನಸ್ಸಿನಲ್ಲೇ ಗೆರೆ ಎಳೆದು ಸೇರಿಸಿ. ಒಂದು ತ್ರಿಕೋನ ಬರುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ನುಗ್ಗುತ್ತದೆ. ಆಟೋದಲ್ಲಿ ಅದು ನುಗ್ಗುವುದು ತ್ರಿಕೋನದ ಚೂಪು ತುದಿಯ ಕಡೆಗೆ. ಅಲ್ಲಿ ಅಗಲವೇ ಇಲ್ಲ. ತಿರುವಿನ ನಡುವೆ ಜೋರಾಗಿ ಬ್ರೇಕ್ ಒತ್ತಿದರೆ ಆಟೋ ಒಂದು ಕಾಲು ಎತ್ತುವುದು ಇದಕ್ಕೇ. ಸ್ಪೈಡರ್‌ನಲ್ಲಿ ಭಾರ ನುಗ್ಗುವುದು ಅಗಲವಾದ ಕಡೆಗೆ. ಆ ಲೆಕ್ಕದಲ್ಲಿ ಅದು ಆಟೋಗಿಂತ ಗಟ್ಟಿ.

ಹಾಗಾದರೆ ಅಮ್ಮ ಹೆದರಿದ್ದೇಕೆ? ಸ್ಕೂಟರ್ ಆದರೆ ತಿರುವಿನ ಒಳಗಡೆಗೆ ಬಾಗುತ್ತದೆ, ಕೂತವರ ಮೈಯೂ ಜೊತೆಗೇ ಬಾಗುತ್ತದೆ, ಆದ್ದರಿಂದ ಯಾರೋ ತಳ್ಳಿದ ಹಾಗೆ ಅನ್ನಿಸುವುದಿಲ್ಲ. ಸ್ಪೈಡರ್ ಒಳಗೆ ಬಾಗುವುದಿಲ್ಲ. ಕಾರಿನಂತೆ ಹೊರಕ್ಕೆ ವಾಲುತ್ತದೆ. ಕಾರಿನಲ್ಲಾದರೆ ಬಾಗಿಲಿದೆ, ಬೆಲ್ಟ್ ಇದೆ. ಇಲ್ಲಿ ಒರಗಲು ಪಕ್ಕದಲ್ಲಿ ಏನೂ ಇಲ್ಲ.

ಇಲ್ಲಿ ಇನ್ನೊಂದು ವಿಷಯವಿದೆ, ಅದೇ ಮುಖ್ಯ. ಕಾರಿನಲ್ಲಿ ಈ ವಾಲುವಿಕೆಯನ್ನು ಮುಂದಿನ ಜೋಡಿ ಅರ್ಧ, ಹಿಂದಿನ ಜೋಡಿ ಅರ್ಧ ಎಂಬಂತೆ ಹಂಚಿಕೊಂಡು ತಡೆಯುತ್ತವೆ. ಸ್ಪೈಡರ್‌ನ ಹಿಂದಿನ ಚಕ್ರ ಒಂಟಿ, ಅದೂ ನಟ್ಟನಡುವೆ. ಎಡಕ್ಕೆ ವಾಲಲಿ, ಬಲಕ್ಕೆ ವಾಲಲಿ, ಅದರ ಸ್ಪ್ರಿಂಗಿಗೆ ಗೊತ್ತೇ ಆಗುವುದಿಲ್ಲ. ಹೀಗಾಗಿ ಕೆಲಸವೆಲ್ಲ ಮುಂದಿನ ಎರಡು ಸ್ಪ್ರಿಂಗುಗಳ ತಲೆಗೆ ಬರುತ್ತದೆ. ಈ ಗಾಡಿ ಇಟ್ಟುಕೊಂಡವರು ಮುಂದಿನ ಸಸ್ಪೆನ್ಷನ್ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಶೋಕಿಗಲ್ಲ.

ಸಾಮಾನ್ಯವಾಗಿ ಮೊದಲು ಬದಲಾಯಿಸುವುದು ಆಂಟಿ ರೋಲ್ ಬಾರ್ ಅಥವಾ ಸ್ವೇ ಬಾರ್ ಎಂಬ ಉಕ್ಕಿನ ಸರಳನ್ನು. ಆಕಾರ ಹಿಗ್ಗಿಸಿದ 'ಯು' ಅಕ್ಷರದಂತೆ. ನಡುಭಾಗವನ್ನು ರಬ್ಬರ್ ಬುಷ್ ಹಾಕಿ ಚಾಸಿಗೆ ಹಿಡಿಸಿರುತ್ತಾರೆ, ಎರಡು ತುದಿಗಳನ್ನು ಸಣ್ಣ ಲಿಂಕ್ ಮೂಲಕ ಎಡಬಲದ ಚಕ್ರಗಳ ಆರ್ಮ್‌ಗೆ ಸೇರಿಸಿರುತ್ತಾರೆ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಸರಳು ಬುಷ್ ಒಳಗೆ ಸುಮ್ಮನೆ ಹೊರಳುತ್ತದೆ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ಮಾತ್ರ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ, ತಿರುಚಲು ಒಪ್ಪದೆ ಗಾಡಿಯನ್ನು ಮಟ್ಟಸವಾಗಿ ಹಿಡಿಯುತ್ತದೆ.

ಸರಳಿನ ದಪ್ಪ ಸ್ವಲ್ಪ ಹೆಚ್ಚಿದರೂ ಪರಿಣಾಮ ದೊಡ್ಡದು. ತಿರುಚುವುದನ್ನು ತಡೆಯುವ ಶಕ್ತಿ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. ಉದಾಹರಣೆಗೆ 16 ಮಿಲಿಮೀಟರ್ ಸರಳಿನ ಬದಲು ಅದೇ ಆಕಾರದ 19 ಮಿಲಿಮೀಟರ್ ಸರಳು ಹಾಕಿ. ಮೂರೇ ಮಿಲಿಮೀಟರ್, ಆದರೆ ಬಿಗಿ ಹೆಚ್ಚುಕಡಿಮೆ ಇಮ್ಮಡಿ. ಒಂದು ಜೊತೆ ಹೊಸ ಶಾಕ್ ಅಬ್ಸಾರ್ಬರ್‌ಗೆ ಬೀಳುವ ಖರ್ಚಿಗಿಂತ ಇದಕ್ಕೆ ಕಡಿಮೆ, ಗುಣ ಮಾತ್ರ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ತೊಂದರೆಯೂ ಇದೆ. ಒಂದೇ ಚಕ್ರ ಗುಂಡಿಗೆ ಇಳಿದರೆ ಆ ಏಟು ಸರಳಿನ ಮೂಲಕ ಇನ್ನೊಂದು ಕಡೆಗೂ ದಾಟುತ್ತದೆ, ಗಾಡಿ ತಲೆ ಅಲ್ಲಾಡಿಸಿದಂತೆ ಆಡುತ್ತದೆ. ನಮ್ಮ ಊರುಗಳ ರಸ್ತೆಯಾದರೆ ಎರಡು ಸಲ ಯೋಚಿಸಿ ಎನ್ನುತ್ತಿದ್ದೆವು.

ಇನ್ನು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್. ಭಾರ ಹೊರುವುದು ಸ್ಪ್ರಿಂಗ್. ಒಮ್ಮೆ ಕುಗ್ಗಿದ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ತಡೆಯುವುದು ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್. ತಿರುವು ಮುಗಿದ ಮೇಲೂ ಗಾಡಿ ಒಂದೆರಡು ಸಲ ತೂಗಾಡುತ್ತಿದ್ದರೆ ಅಥವಾ ಶಾಕ್‌ನ ಮೈಮೇಲೆ ಎಣ್ಣೆಯ ಜಿಡ್ಡು ಕಂಡರೆ ಅದರ ಆಯುಷ್ಯ ಮುಗಿದಿದೆ ಎಂದರ್ಥ. ಆಗ ಬದಲಾಯಿಸಲೇಬೇಕು, ಅದು ಅಪ್‌ಗ್ರೇಡ್ ಅಲ್ಲ, ರಿಪೇರಿ.

ಇಲ್ಲಿ ಬಹಳ ಜನ ಎಡವುವುದು 'ಪ್ರಿಲೋಡ್' ವಿಷಯದಲ್ಲಿ. ಶಾಕ್ ಮೇಲಿನ ಬಳೆಯನ್ನು ತಿರುಗಿಸಿ ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿ ಇಡುತ್ತಾರಲ್ಲ, ಅದು. ಇದರಿಂದ ಸ್ಪ್ರಿಂಗ್ ಗಟ್ಟಿಯಾಯಿತು ಎಂದು ತಿಳಿಯುತ್ತಾರೆ. ಆಗುವುದಿಲ್ಲ. ಮಾಮೂಲಿ ಸ್ಪ್ರಿಂಗಿನಲ್ಲಿ ಪ್ರಿಲೋಡ್ ಹೆಚ್ಚಿಸಿದರೆ ಗಾಡಿಯ ಮುಂಭಾಗ ಎತ್ತರವಾಗುತ್ತದೆ, ಅಷ್ಟೆ. ಎತ್ತರವಾದ ಗಾಡಿ ತಿರುವಿಗೆ ಒಳ್ಳೆಯದಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ. ಬಿಗಿ ಬೇಕಾದರೆ ಸ್ಪ್ರಿಂಗನ್ನೇ ಬದಲಾಯಿಸಬೇಕು.

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ದಪ್ಪ ಸರಳು, ಗಟ್ಟಿ ಸ್ಪ್ರಿಂಗ್ ಹಾಕಿದರೆ ಗಾಡಿ ವಾಲುವುದು ಕಡಿಮೆಯಾಗುತ್ತದೆ, ಹಿಂದೆ ಕೂತವರಿಗೆ ಹಿತವಾಗುತ್ತದೆ, ಹ್ಯಾಂಡಲ್ ತಿರುಗಿಸಿದ ತಕ್ಷಣ ಗಾಡಿ ಮಾತು ಕೇಳುತ್ತದೆ. ಇದೆಲ್ಲ ನಿಜ. ಆದರೆ ವಾಲುವುದು ಬೇರೆ, ಉರುಳುವುದು ಬೇರೆ. ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಎಷ್ಟು ಭಾರ ದಾಟುತ್ತದೆ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಮೂರು: ಭಾರದ ಕೇಂದ್ರ ಎಷ್ಟು ಎತ್ತರದಲ್ಲಿದೆ, ಚಕ್ರಗಳ ನಡುವೆ ಅಗಲ ಎಷ್ಟು, ನೀವು ಎಷ್ಟು ವೇಗದಲ್ಲಿ ತಿರುಗಿಸುತ್ತೀರಿ. ಸ್ವೇ ಬಾರ್ ಇವು ಮೂರನ್ನೂ ಮುಟ್ಟುವುದಿಲ್ಲ. ಒಳಚಕ್ರ ನೆಲ ಬಿಡುವ ವೇಗ ಹೆಚ್ಚುಕಡಿಮೆ ಮೊದಲಿದ್ದಷ್ಟೇ ಇರುತ್ತದೆ. ಮೊದಲು ವಾಲುತ್ತಾ "ಸಾಕು, ನಿಧಾನ" ಎಂದು ಎಚ್ಚರಿಸುತ್ತಿದ್ದ ಗಾಡಿ ಈಗ ಸುಮ್ಮನಿರುತ್ತದೆ. ಧೈರ್ಯ ಹೆಚ್ಚಿ ಮಗ ಇನ್ನೂ ಹತ್ತು ಕಿಲೋಮೀಟರ್ ಜೋರಾಗಿ ತಿರುಗಿಸಿದರೆ ಖರ್ಚು ಮಾಡಿದ್ದು ಅಪಾಯಕ್ಕೇ ಆಯಿತು.

ಸ್ಪೈಡರ್‌ನಲ್ಲಿ ಮೊದಲಿನಿಂದಲೂ ಬಾಷ್ ಕಂಪನಿಯ ನೆರವಿನಿಂದ ಮಾಡಿದ ಸ್ಥಿರತಾ ವ್ಯವಸ್ಥೆ ಇದೆ. ಗಾಡಿ ಮಿತಿ ಮೀರುತ್ತಿದೆ ಎಂದು ತಿಳಿದರೆ ಅದು ಎಂಜಿನ್ ಶಕ್ತಿ ತಗ್ಗಿಸಿ, ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕುತ್ತದೆ. ಅದರ ಲೆಕ್ಕಾಚಾರವೆಲ್ಲ ಕಂಪನಿಯ ಮೂಲ ಸಸ್ಪೆನ್ಷನ್ ಮತ್ತು ಟೈರ್ ಅಳತೆಯ ಮೇಲೆ ನಿಂತದ್ದು. ಬದಲಾವಣೆ ಮಿತಿಯಲ್ಲಿರಲಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಹಿಂದೆ ಕೂತವರ ಲೆಕ್ಕವೂ ಬೇರೆ. ಅಮ್ಮ ಕೂತಾಗ ಭಾರದ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಅಂದರೆ ತ್ರಿಕೋನದ ಚೂಪು ತುದಿಯ ಕಡೆಗೆ. ಮಗ ಒಬ್ಬನೇ ಆರಾಮವಾಗಿ ತಿರುಗಿಸುವ ವೇಗ ಇಬ್ಬರಿಗೆ ಸರಿಹೋಗುವುದಿಲ್ಲ. ಹೊರಕ್ಕೆ ತಳ್ಳುವ ಬಲ ವೇಗದ ವರ್ಗದಂತೆ ಏರುವುದರಿಂದ, 60ರ ಬದಲು 50ರಲ್ಲಿ ಅದೇ ತಿರುವು ತೆಗೆದುಕೊಂಡರೆ ಆ ಬಲ ಶೇಕಡಾ 30ರಷ್ಟು ಇಳಿಯುತ್ತದೆ. ಇಷ್ಟು ಗುಣ ಕೊಡುವ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗದು.

ಸ್ಪ್ಯಾನರ್ ಹಿಡಿಯುವ ಮೊದಲು ಮಗನಿಗೆ ಒಂದು ಕೆಲಸ ಹೇಳಿ: ಟೈರಿನ ಗಾಳಿ ನೋಡಲಿ. ಮೊದಮೊದಲ ಸ್ಪೈಡರ್‌ಗಳ ಮುಂದಿನ ಟೈರಿಗೆ ಸುಮಾರು 15 ಪಿಎಸ್ಐ ಸಾಕು, ಏಕೆಂದರೆ ಕಾರಿನಂಥ ಟೈರ್ ಮೇಲೆ ಕಾರಿಗಿಂತ ಬಹಳ ಕಡಿಮೆ ಭಾರ. ಕಾರಿನ ರೂಢಿಯಲ್ಲಿ ಯಾರಾದರೂ 30 ತುಂಬಿಸಿದ್ದರೆ ಗಾಡಿ ನೆಗೆಯುತ್ತದೆ, ಹಿಡಿತ ತಪ್ಪುತ್ತದೆ, ದೂರು ಸಸ್ಪೆನ್ಷನ್ ಮೇಲೆ ಬರುತ್ತದೆ. ಅವನ ಮಾದರಿಗೆ ಎಷ್ಟು ಎಂಬುದು ಗಾಡಿಯ ಪುಸ್ತಕದಲ್ಲಿದೆ. ಆಮೇಲೆ ಬುಷ್, ಲಿಂಕ್, ಬಾಲ್ ಜಾಯಿಂಟ್‌ಗಳಲ್ಲಿ ಸಡಿಲ ಇದೆಯೇ ನೋಡಲಿ. ಸಡಿಲ ಲಿಂಕ್‌ಗೆ ದಪ್ಪ ಸರಳು ಸಿಕ್ಕಿಸಿ ಏನೂ ಪ್ರಯೋಜನವಿಲ್ಲ.

ಇವೆಲ್ಲ ಸರಿಯಿದ್ದೂ ವಾಲುತ್ತಿದ್ದರೆ ಮೊದಲು ಸರಳು ಮಾತ್ರ ಬದಲಾಯಿಸಲಿ, ಕೆಲವು ವಾರ ಓಡಿಸಲಿ. ಸಾಲದಿದ್ದರೆ ಶಾಕ್. ಎರಡನ್ನೂ ಒಂದೇ ದಿನ ಹಾಕಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯದು. ಶಾಕ್ ಬದಲಾದರೆ ಮುಂಭಾಗದ ಎತ್ತರ ಬದಲಾಗುತ್ತದೆ, ಎತ್ತರ ಬದಲಾದರೆ ಟೈ ರಾಡ್‌ನ ಕೋನ ಬದಲಾಗಿ ಚಕ್ರಗಳ ನೇರ ಕೆಡುತ್ತದೆ. ಆದ್ದರಿಂದ ಕೊನೆಗೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಅದೂ ಸವಾರ ಸೀಟಿನಲ್ಲಿ ಕೂತಷ್ಟು ಭಾರ ಇಟ್ಟುಕೊಂಡು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು.

ಇಷ್ಟಾದ ಮೇಲೆ ಖಾಲಿ ಪಾರ್ಕಿಂಗ್ ಮೈದಾನದಲ್ಲಿ ಮೊದಲು ಅವನೊಬ್ಬನೇ ಓಡಿಸಿ ನೋಡಲಿ. ಅಮ್ಮ ಮತ್ತೆ ಹತ್ತಿದರೋ ಇಲ್ಲವೋ, ಅದನ್ನು ನಮಗೆ ತಪ್ಪದೆ ಬರೆದು ತಿಳಿಸಿ.