ಅಟ್ಟದ ಹಲಗೆಗೆ ವಿಜಯವಾಡದ ಮಷಿನ್

ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆ ಕೆಡವಿದಾಗ ಅಪ್ಪ ಅಟ್ಟದ ಎಂಟು ಹಲಸಿನ ಹಲಗೆಗಳನ್ನು ಎತ್ತಿಟ್ಟುಕೊಂಡು, ಲಾರಿ ಪಾರ್ಸೆಲ್‌ನಲ್ಲಿ ವಿಶಾಖಪಟ್ಟಣಕ್ಕೆ ಕಳಿಸಿಬಿಟ್ಟರು. ‘ಭಾನುವಾರ ಬಂದ್ರೆ ಮರಗೆಲಸ ಅಂತ ಕೂತಿರ್ತೀಯಲ್ಲ, ಮೊಮ್ಮಗಳಿಗೆ ಓದೋಕೊಂದು ಮೇಜು ಮಾಡು ಮಾರಾಯ’ ಎಂದು ಫೋನಿನಲ್ಲಿ ಹೇಳಿದರು. ಐದಡಿ ಉದ್ದ, ಒಂಬತ್ತು ಇಂಚು ಅಗಲ, ಒಂದೂಕಾಲು ಇಂಚು ದಪ್ಪ. ಒಂದು ಮೈ ಒಲೆಯ ಹೊಗೆ ಕುಡಿದು ಕರ್ರಗಾಗಿತ್ತು. ನೆಲದ ಮೇಲಿಟ್ಟರೆ ಮೂರು ಮೂಲೆ ನೆಲ ಮುಟ್ಟುತ್ತಿದ್ದವು, ನಾಲ್ಕನೆಯದು ಗಾಳಿಯಲ್ಲಿ.

ಕೈ ಹತ್ತರಿ ಹಿಡಿದು ಒಂದು ಹಲಗೆಯ ಒಂದು ಮೈ ಸಮ ಮಾಡುವಷ್ಟರಲ್ಲಿ ಎರಡು ಭಾನುವಾರ ಕಳೆದವು. ಇನ್ನು ಹದಿನೈದು ಮೈ ಬಾಕಿ. ಮಷಿನ್ ಕೊಳ್ಳುವುದೆಂದು ತೀರ್ಮಾನಿಸಿದೆ. ಬಜೆಟ್ ನಲವತ್ತು ಸಾವಿರ, ಮನೆಯಾಕೆ ಹಾಕಿದ ಗೆರೆ.

ಸ್ಪೆಸಿಫಿಕೇಶನ್ ಓದಿ ಎಕ್ಸೆಲ್ ಶೀಟ್ ತುಂಬುವುದು ನಮ್ಮ ಸಾಫ್ಟ್‌ವೇರ್ ಜನರ ಚಾಳಿ. ಎಷ್ಟು ಇಂಚು ಅಗಲ, ಎಷ್ಟು ವ್ಯಾಟ್, ಎಷ್ಟು ಕೆಜಿ ಎಲ್ಲವನ್ನೂ ತುಂಬಿ, ಕೊನೆಗೆ ಬರೀ ಥಿಕ್‌ನೆಸರ್ ಸಾಕು ಅನ್ನಿಸಿತು. ಮೇಜಿನ ಮೇಲೆ ಕೂರುತ್ತದೆ, ಜಾಗ ತಿನ್ನುವುದಿಲ್ಲ. ಆರ್ಡರ್ ಮಾಡುವ ಮುಂಚೆ ಒಮ್ಮೆ ನೋಡೋಣವೆಂದು ಗಾಜುವಾಕದ ಕಡೆಯ ಒಂದು ಫರ್ನಿಚರ್ ಶೆಡ್ಡಿಗೆ ಹಲಗೆ ಒಯ್ದೆ. ಅವರ ಥಿಕ್‌ನೆಸರ್‌ನೊಳಗೆ ನಾಲ್ಕು ಸಲ ಹೋಗಿ ಬಂದ ಹಲಗೆ ಕನ್ನಡಿಯ ಹಾಗಿತ್ತು. ಮನೆಗೆ ತಂದು ನೆಲಕ್ಕಿಟ್ಟೆ. ಅದೇ ಮೂರು ಮೂಲೆ! ಮೂರು ಮಿಲಿಮೀಟರ್ ಮರ ಹೋಗಿತ್ತು, ತಿರುಚು ಮಾತ್ರ ಇದ್ದಲ್ಲೇ ಇತ್ತು.

ನಮ್ಮ ಬೀದಿಯಲ್ಲಿರುವ ವಯಸ್ಸಾದ ವಡ್ರಂಗಿ ನಕ್ಕು ವಿವರಿಸಿದರು. ಥಿಕ್‌ನೆಸರ್‌ನ ರೋಲರ್‌ಗಳು ಹಲಗೆಯನ್ನು ಒತ್ತಿ ಹಿಡಿದು ಒಳಗೆಳೆಯುತ್ತವೆ. ಒತ್ತಿದಾಗ ಚಪ್ಪಟೆಯಾದ ಹಲಗೆ ಆಚೆ ಬಂದೊಡನೆ ಮತ್ತೆ ಸೊಟ್ಟಗಾಗುತ್ತದೆ, ಕೈ ತೆಗೆದರೆ ಹಪ್ಪಳ ಮುದುರಿಕೊಳ್ಳುವಂತೆ. ಅದರ ಕೆಲಸ ಒಂದು ಮೈಗೆ ಇನ್ನೊಂದನ್ನು ಸಮಾನಾಂತರ ಮಾಡುವುದಷ್ಟೇ. ಆ ಮೊದಲ ಮೈಯನ್ನು ಸಪಾಟು ಮಾಡಲು ಸರ್ಫೇಸ್ ಪ್ಲೇನರ್ ಬೇಕು. ಸಪಾಟಾದ ಪ್ಲೈವುಡ್ ಮೇಲೆ ಹಲಗೆಯಿಟ್ಟು, ಎದ್ದ ಮೂಲೆಗಳ ಕೆಳಗೆ ಬೆಣೆ ಕೊಟ್ಟು ಥಿಕ್‌ನೆಸರ್‌ಗೆ ಬಿಡುವ ಉಪಾಯವೂ ಇದೆ. ಒಂದೆರಡು ಹಲಗೆಗಾದರೆ ಅದು ಸಾಕಿತ್ತು. ನನಗೆ ಎರಡೂ ಇರುವ ಮಷಿನ್ ಬೇಕಾಯಿತು. ಹೊಸದಕ್ಕೆ ಹೋದರೆ ಗೆರೆ ದಾಟುತ್ತಿತ್ತು.

ವಿಜಯವಾಡದ ಆಟೋನಗರದಲ್ಲಿ ಹಳೆಯದೊಂದು ಇದೆಯೆಂದು ಅವರೇ ಪತ್ತೆ ಹಚ್ಚಿದರು. ಬೆಳಗಿನ ಜನ್ಮಭೂಮಿ ಎಕ್ಸ್‌ಪ್ರೆಸ್ ಹತ್ತಿ, ಸುಮಾರು 350 ಕಿಲೋಮೀಟರ್ ಪ್ರಯಾಣ. ದಾರಿಯಲ್ಲಿ ಯಲಮಂಚಿಲಿಯ ಆಸುಪಾಸಿನಲ್ಲೇ ಅರಗಿನ ಬಣ್ಣದ ಆಟಿಕೆಗಳ ಏಟಿಕೊಪ್ಪಾಕ. ಅಲ್ಲಿಯವರು ಅಂಕುಡು ಎನ್ನುವುದು ನಮ್ಮ ಚನ್ನಪಟ್ಟಣದ ಬೊಂಬೆಯ ಹಾಲೆ ಮರವನ್ನೇ. ಅಲ್ಲಿ ಲೇತ್ ತಿರುಗಿದರೆ ಆಯಿತು. ದುಂಡಗಿನದನ್ನು ಮಾಡುವವರಿಗೆ ಹಲಗೆಯ ತಿರುಚಿನ ಕಾಟವಿಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಅಂಗಡಿಯಾತ ‘ಚಿತ್ರಿಕ ಪಟ್ಟಾಲಾ ಸಾರ್? ಚೆಕ್ಕ ಎಂತ ವೆಡಲ್ಪು?’ ಎಂದ. ಹತ್ತರಿ ಹೊಡೆಯಬೇಕಾ, ಹಲಗೆ ಎಷ್ಟು ಅಗಲ ಎಂದು. ನಮಗೆ ಚಕ್ಕೆಯೆಂದರೆ ಸಿಪ್ಪೆ, ತುಣುಕು. ಇವರಿಗೆ ಚೆಕ್ಕ ಎಂದರೆ ಹಲಗೆಯೇ. ಮೊದಲ ವರ್ಷ ಈ ಒಂದು ಪದದಿಂದ ನಾನು ಪಟ್ಟ ಗೊಂದಲ ಅಷ್ಟಿಷ್ಟಲ್ಲ.

ಹತ್ತು ಇಂಚಿನ ಬೀಡು ಕಬ್ಬಿಣದ ಮಷಿನ್, ಎರಡು ಎಚ್‌ಪಿ ಸಿಂಗಲ್ ಫೇಸ್ ಮೋಟಾರ್. ಮೇಲೆ ಪ್ಲೇನರ್, ಕೆಳಗೆ ಥಿಕ್‌ನೆಸರ್. ಹೊಸ ಪೇಂಟ್ ಹೊಳೆಯುತ್ತಿತ್ತು. ಪೇಂಟ್ ನೋಡಬೇಡಿ ಎಂದು ವಡ್ರಂಗಿ ಎಚ್ಚರಿಸಿದ್ದರು. ಪ್ಲಗ್ ತೆಗೆಸಿ, ಬೆಲ್ಟ್ ಕಳಚಿಸಿ, ಬ್ಲೇಡ್ ಕೂರುವ ಉರುಳೆಯನ್ನು ಕೈಯಿಂದ ತಿರುಗಿಸಿ ಅಲ್ಲಾಡಿಸಿದೆ. ಬೇರಿಂಗ್ ಗರಗರ ಅನ್ನಲಿಲ್ಲ. ಎರಡೂ ಟೇಬಲ್‌ಗಳ ಮೇಲೆ ಉದ್ದದ ಉಕ್ಕಿನ ಪಟ್ಟಿ ಇಟ್ಟು, ಕೆಳಗೆ ಬಸ್ ಟಿಕೆಟ್ ತೂರಿಸಲು ನೋಡಿದೆ. ಒಂದು ಮೂಲೆಯಲ್ಲಿ ತೂರಿತು. ಆ ಮೂಲೆಗೆ ತೆಳು ತಗಡು ಕೊಟ್ಟು ಸರಿಮಾಡಿಸಿದ ಮೇಲೆ ಕೊನೆಯ ಪರೀಕ್ಷೆ: ಎರಡು ಪಟ್ಟಿಗಳ ಅಂಚು ಹೊಡೆಸಿ ಒಂದಕ್ಕೊಂದು ಎದುರಾಗಿಟ್ಟು ಬೆಳಕಿಗೆ ಹಿಡಿಯುವುದು. ತಪ್ಪಿದ್ದರೆ ಸಂದಿಯಲ್ಲಿ ಅದು ದುಪ್ಪಟ್ಟಾಗಿ ಕಾಣುತ್ತದೆ. ಕೂದಲೆಳೆಯಷ್ಟು ಕಂಡಿತು, ಒಪ್ಪಿಕೊಂಡೆ. ಈ ಅಳತೆಯ ಬ್ಲೇಡು ವಿಶಾಖಪಟ್ಟಣದಲ್ಲೇ ಸಿಗುತ್ತದೆಂದು ಮೊದಲೇ ವಿಚಾರಿಸಿಕೊಂಡಿದ್ದೆ. ಅಗ್ಗದ ಮಷಿನ್ ಕೊಳ್ಳುವವರು ಬೆಲೆಗಿಂತ ಮುಂಚೆ ಇದನ್ನು ಕೇಳಬೇಕು. ಬ್ಲೇಡಿನ ಮೇಲಿನ ಗಾರ್ಡ್ ಇರಲಿಲ್ಲ. ಅದಿಲ್ಲದೆ ಮುಟ್ಟುವುದಿಲ್ಲವೆಂದು ಕೂತು, ಅಲ್ಲೇ ಮಾಡಿಸಿಕೊಂಡೆ. ಮೂವತ್ತಾರು ಸಾವಿರಕ್ಕೆ ಮುಗಿಯಿತು. ಲಾರಿ ಬಾಡಿಗೆ ಸೇರಿ ಗೆರೆಯೊಳಗೇ.

ಬಂದ ಮೇಲಿನ ಕಥೆ ಬೇರೆ. ಸ್ವಿಚ್ ಒತ್ತಿದೊಡನೆ ಎಂಸಿಬಿ ಬಿತ್ತು. ಹೊರಡುವಾಗ ಮೋಟಾರ್ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ಮನೆ ಮಾಲೀಕರ ಕಾಲು ಹಿಡಿದು ಪ್ರತ್ಯೇಕ ವೈರ್ ಎಳೆಸಿದೆ. ಕಡಲ ಗಾಳಿಗೆ ವಾರದೊಳಗೆ ಟೇಬಲ್ ಮೇಲೆ ಕಂದು ಚುಕ್ಕೆ. ಈಗ ಪ್ರತಿ ಕೆಲಸದ ನಂತರ ಮೇಣ ತಿಕ್ಕುತ್ತೇನೆ. ಸದ್ದಿನ ಕಾರಣ ಭಾನುವಾರ ಹನ್ನೊಂದರಿಂದ ಒಂದರವರೆಗೆ ಮಾತ್ರ ಎಂದು ಅಕ್ಕಪಕ್ಕದವರೊಂದಿಗೆ ಒಪ್ಪಂದವಾಗಿದೆ.

ಹಲಗೆಗಳನ್ನು ಮೊದಲು ಮೇಜಿನ ಅಳತೆಗೆ ಕೊಯ್ದೆ. ತುಂಡು ಗಿಡ್ಡವಾದಷ್ಟೂ ಅದರೊಳಗಿನ ತಿರುಚು ಕಡಿಮೆ, ಕಳೆದುಕೊಳ್ಳುವ ದಪ್ಪವೂ ಕಡಿಮೆ. ಒಂದು ಸಲಕ್ಕೆ ಅರ್ಧ ಮಿಲಿಮೀಟರ್, ಅದಕ್ಕಿಂತ ಹೆಚ್ಚಿಲ್ಲ. ಮೊಳೆಗಳನ್ನೆಲ್ಲ ಕಿತ್ತಿದ್ದೇನೆಂದುಕೊಂಡಿದ್ದೆ. ಮೂರನೇ ಹಲಗೆಯಲ್ಲಿ ‘ಟಕ್’ ಎಂದಿತು. ಹೊಗೆಯ ಕಪ್ಪಿನಲ್ಲಿ ಅಡಗಿದ್ದ ತಲೆಮುರಿದ ಮೊಳೆ. ಎಲ್ಲ ಬ್ಲೇಡುಗಳೂ ಒಂದೇ ಜಾಗದಲ್ಲಿ ಮುಕ್ಕಾಗಿ, ಆಮೇಲಿನ ಪ್ರತಿ ಹಲಗೆಯ ಮೇಲೂ ಸಣ್ಣದೊಂದು ಏಣು ಮೂಡತೊಡಗಿತು. ಒಂದು ಬ್ಲೇಡನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಬಿಗಿದರೆ ಒಂದರ ಮುಕ್ಕನ್ನು ಇನ್ನೊಂದು ಮುಚ್ಚುತ್ತದೆಂದು ವಡ್ರಂಗಿ ತೋರಿಸಿಕೊಟ್ಟರು. ಏಣು ಹೋಯಿತು. ಸಾಣೆಯ ಖರ್ಚು ಮುಂದಕ್ಕೆ ಹೋಯಿತು.

ಕಪ್ಪು ಮೈ ಕೆಳಗಿನಿಂದ ಹಲಸಿನ ಹಳದಿ ಹೊರಬಂದಾಗ ಫೋಟೊ ತೆಗೆದು ಊರಿಗೆ ಕಳಿಸಿದೆ. ಅಪ್ಪ ಸ್ವಲ್ಪ ಹೊತ್ತು ಬಿಟ್ಟು ಫೋನ್ ಮಾಡಿದರು. ‘ಚಂದ ಬಂದಿದೆ. ಹೊಗೆ ಎಲ್ಲಾ ತೆಗ್ದುಬಿಟ್ಯಾ?’

ಎಲ್ಲ ತೆಗೆದಿರಲಿಲ್ಲ. ಒಂದು ಹಲಗೆಯ ಕೆಳಮೈಯ ತಗ್ಗಿಗೆ ಬ್ಲೇಡು ಮುಟ್ಟದೆ, ಅಂಗೈ ಅಗಲದ ಕಪ್ಪು ಉಳಿದಿತ್ತು. ಇನ್ನೆರಡು ಸಲ ಬಿಟ್ಟಿದ್ದರೆ ಅದೂ ಹೋಗುತ್ತಿತ್ತು. ಅಷ್ಟಕ್ಕೇ ಮಷಿನ್ ನಿಲ್ಲಿಸಿದೆ. ಈಗ ಹಲಗೆಗಳು ಇಲ್ಲಿಯ ಹವೆಗೆ ಹೊಂದಿಕೊಳ್ಳಲೆಂದು, ನಡುವೆ ಪಟ್ಟಿ ಕೊಟ್ಟು ಒಂದರ ಮೇಲೊಂದು ಪೇರಿಸಿಟ್ಟಿದ್ದೇನೆ. ಎರಡು ವಾರ ಬಿಟ್ಟು ನೆಲದ ಮೇಲಿಟ್ಟು ಮೂಲೆ ಎಣಿಸಬೇಕು.