ಸಾಮ್ರಾಜ್ಯದ ಪದಕ, ಯಾರ ಶೌರ್ಯ?

ಬ್ರಿಟಿಷರ ಸೇನೆಯಲ್ಲಿ ಹೋರಾಡಿ ಶೌರ್ಯಪದಕ ಗಳಿಸಿದ ಭಾರತೀಯರ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತುಗಳಿವೆ. ಅವರು ಸಂಬಳಕ್ಕಾಗಿ ಪರರ ಯುದ್ಧ ಮಾಡಿದವರು ಎಂಬುದು ಒಂದು. ಅವರು ಪ್ರಶ್ನಾತೀತ ವೀರರು ಎಂಬುದು ಇನ್ನೊಂದು. ಎರಡೂ ಪಂಗಡದವರು ಆ ಪದಕಗಳ ನಿಯಮಾವಳಿಯತ್ತ ಕಣ್ಣು ಹಾಯಿಸಿದಂತೆ ಕಾಣುವುದಿಲ್ಲ. ಯಾರಿಗೆ ಯಾವ ಪದಕ, ಯಾರಿಗೆ ಯಾವುದಿಲ್ಲ ಎಂಬುದನ್ನು ನೋಡುತ್ತ ಹೋದರೆ ಸಾಮ್ರಾಜ್ಯದ ಮನಸ್ಸು ಪದಕಕ್ಕಿಂತ ನಿಚ್ಚಳವಾಗಿ ಕಾಣುತ್ತದೆ ಎಂದು ನನಗನ್ನಿಸುತ್ತದೆ.

ವಿಕ್ಟೋರಿಯಾ ಕ್ರಾಸ್ ಸ್ಥಾಪನೆಯಾದದ್ದು 1856ರಲ್ಲಿ. ಮರುವರ್ಷವೇ ದಂಗೆ. ಮುತ್ತಿಗೆಗೆ ಸಿಲುಕಿದ ಲಖನೌ ರೆಸಿಡೆನ್ಸಿಯಿಂದ 1857ರ ನವೆಂಬರ್ 9ರ ರಾತ್ರಿ ಇಬ್ಬರು ಹೊರಬಿದ್ದರು. ಒಬ್ಬ, ಥಾಮಸ್ ಕ್ಯಾವನಾ ಎಂಬ ಗುಮಾಸ್ತ, ಸೈನಿಕನೂ ಅಲ್ಲ. ಮೈಗೆ ಮಸಿ ಬಳಿದುಕೊಂಡು, ದೇಶೀ ಉಡುಪು ತೊಟ್ಟಿದ್ದ. ಇನ್ನೊಬ್ಬ, ದಾರಿ ಬಲ್ಲ ಕನೌಜಿ ಲಾಲ್. ದಂಗೆಕೋರರ ಪಹರೆಗಳನ್ನು ದಾಟಿ ಇಬ್ಬರೂ ಸೇನಾಪತಿ ಕಾಲಿನ್ ಕ್ಯಾಂಪ್‌ಬೆಲ್‌ನ ಶಿಬಿರ ಸೇರಿದರು. ಕ್ಯಾವನಾನಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಅದೇ ರಾತ್ರಿ ಅದೇ ಹಾದಿ ತುಳಿದ, ವೇಷವನ್ನೇ ಹಾಕಬೇಕಿಲ್ಲದ ಕನೌಜಿ ಲಾಲ್ ಆ ಪದಕಕ್ಕೆ ಅರ್ಹನೇ ಆಗಿರಲಿಲ್ಲ.

ಭಾರತೀಯ ಸಿಪಾಯಿಗಳಿಗೆ ಈಸ್ಟ್ ಇಂಡಿಯಾ ಕಂಪೆನಿ 1837ರಲ್ಲೇ ‘ಆರ್ಡರ್ ಆಫ್ ಮೆರಿಟ್’ ಎಂಬ ಗೌರವವನ್ನು ಏರ್ಪಡಿಸಿತ್ತು. ವಯಸ್ಸಿನಲ್ಲಿ ಅದು ವಿಕ್ಟೋರಿಯಾ ಕ್ರಾಸ್‌ಗಿಂತ ಹತ್ತೊಂಬತ್ತು ವರ್ಷ ಹಿರಿದು. ಅದರಲ್ಲಿ ಮೂರು ದರ್ಜೆಗಳು. ಸಾಮಾನ್ಯವಾಗಿ ಕೆಳದರ್ಜೆ ಗಳಿಸಿದವನು ಮತ್ತೊಮ್ಮೆ ಸಾಹಸ ತೋರಿದರಷ್ಟೇ ಮೇಲಿನ ದರ್ಜೆ. ಬಿಳಿಯ ಯೋಧ ಒಮ್ಮೆ ಸಾವಿಗೆ ಎದುರಾದರೆ ಸಾಕಿತ್ತು. ನಮ್ಮವನು ಮೂರು ಸಲ ಎದುರಾಗಿ ಬದುಕಿ ಬರಬೇಕಿತ್ತು. ಈ ತಾರತಮ್ಯ ತೊಲಗಿ ವಿಕ್ಟೋರಿಯಾ ಕ್ರಾಸ್ ಭಾರತೀಯರಿಗೂ ತೆರೆದುಕೊಂಡದ್ದು 1911ರ ದೆಹಲಿ ದರ್ಬಾರಿನಲ್ಲಿ, ಐದನೇ ಜಾರ್ಜ್ ದೊರೆಯ ಘೋಷಣೆಯಿಂದ.

ಮೂರೇ ವರ್ಷಗಳಲ್ಲಿ ಮಹಾಯುದ್ಧ ಬಂತು. 1914ರ ಅಕ್ಟೋಬರ್ 31ರಂದು ಬೆಲ್ಜಿಯಮ್ಮಿನ ಹೊಲ್ಲೆಬೆಕೆಯಲ್ಲಿ ಸಂಗಡಿಗರೆಲ್ಲ ಸತ್ತ ಮೇಲೂ ಮೆಷಿನ್ ಗನ್ ಬಿಡದ ಖುದಾದಾದ್ ಖಾನ್ ಆ ಪದಕ ಗಳಿಸಿದ ಮೊದಲ ಭಾರತೀಯ ಸಿಪಾಯಿಯಾದ. ಆ ಯುದ್ಧದಲ್ಲಿ ಗೂರ್ಖಾಗಳನ್ನೂ ಸೇರಿಸಿ ಭಾರತೀಯ ಸೇನೆಯ ಹನ್ನೊಂದು ದೇಶೀ ಯೋಧರಿಗೆ ಅದು ಸಂದಿತು.

ಅವರಲ್ಲಿ ನನ್ನನ್ನು ಬಹುವಾಗಿ ಕಾಡುವವನು ಜಮಾದಾರ್ ಮೀರ್ ದಸ್ತ್. ಅಫ್ರಿದಿ ಪಠಾಣ. 1915ರ ಏಪ್ರಿಲ್ 26ರಂದು ಈಪ್ರ್ ರಣರಂಗದಲ್ಲಿ ಬ್ರಿಟಿಷ್ ಅಧಿಕಾರಿಗಳೆಲ್ಲ ಉರುಳಿದಾಗ ಅಳಿದುಳಿದವರನ್ನು ಕೂಡಿಸಿ ನೆಲೆ ನಿಂತ. ಗುಂಡಿನ ಮಳೆಯ ನಡುವೆ ಎಂಟು ಮಂದಿ ಅಧಿಕಾರಿಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಿದ. ಬ್ರೈಟನ್ ಆಸ್ಪತ್ರೆಯಲ್ಲಿ ದೊರೆಯೇ ಬಂದು ಪದಕ ತೊಡಿಸಿದ. ಇತ್ತ ಅವನ ಸಹೋದರ ಮೀರ್ ಮಸ್ತ್, ಅದೇ ವರ್ಷದ ಮಾರ್ಚ್‌ನಲ್ಲಿ ಕೆಲವು ಸಂಗಡಿಗರೊಂದಿಗೆ ಕಂದಕ ದಾಟಿ ಜರ್ಮನರನ್ನು ಸೇರಿದ್ದ. ಬರ್ಲಿನ್ನಿಗೆ ಹೋಗಿ, ಆಫ್ಘನ್ ಅಮೀರನನ್ನು ಬ್ರಿಟಿಷರ ವಿರುದ್ಧ ಎತ್ತಿಕಟ್ಟಲು ಹೊರಟ ಜರ್ಮನ್ ನಿಯೋಗದ ಜತೆಗೂಡಿದ. ಈ ಸಹೋದರರಲ್ಲಿ ದ್ರೋಹಿ ಯಾರು, ನಿಷ್ಠಾವಂತ ಯಾರು? ಕಡತ ಬರೆದವರಿಗೆ ಸಂದೇಹವಿರಲಿಲ್ಲ. ನಮಗಾದರೂ ಇರಬೇಡವೆ?

ಮೀರ್ ದಸ್ತ್‌ನನ್ನು ‘ಅಧಿಕಾರಿ’ ಎಂದು ಕರೆಯುವುದಕ್ಕೂ ಒಂದು ಅಡ್ಡಿಯಿತ್ತು. ಜಮಾದಾರ, ಸುಬೇದಾರ, ರಿಸಾಲ್ದಾರ ಇವರೆಲ್ಲ ವೈಸ್‌ರಾಯ್‌ನಿಂದ ನೇಮಕಗೊಂಡವರು. ದೊರೆಯ ಸನದು ಪಡೆದು ನಿನ್ನೆ ಮೊನ್ನೆ ಬಂದಿಳಿದ ಇಂಗ್ಲಿಷ್ ಹುಡುಗನಿಗೂ ಇವರು ಕೆಳಗೆ. ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯ ಬಾಗಿಲು ಭಾರತೀಯರಿಗೆ ತೆರೆದದ್ದು 1918ರಲ್ಲಿ, ಅದೂ ವರ್ಷಕ್ಕೆ ಹತ್ತೇ ಸ್ಥಾನ. ಹಾಗೆ ಬಂದವರನ್ನು 1923ರಿಂದ ಎಂಟೇ ಎಂಟು ಪಡೆಗಳಲ್ಲಿ ಕೂಡಿಹಾಕಲಾಯಿತು. ಬಿಳಿಯನೊಬ್ಬ ಕಂದುಮೈಯವನ ಆಜ್ಞೆ ಪಾಲಿಸುವ ಪ್ರಸಂಗ ಬರಬಾರದಲ್ಲ!

ಆ ಎಂಟರಲ್ಲೊಂದು ಹೈದರಾಬಾದ್ ರೆಜಿಮೆಂಟಿನ ನಾಲ್ಕನೇ ಪಡೆ. ಅದನ್ನು ಸೇರಿದವರು ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಅಲಹಾಬಾದಿನಲ್ಲಿದ್ದಾಗ ರಾಜೀನಾಮೆಯ ಯೋಚನೆ ಅವರನ್ನು ಕಾಡಿತ್ತೆಂದೂ, ಸ್ವತಂತ್ರ ಭಾರತಕ್ಕೆ ತರಬೇತಾದ ಸೇನಾನಿಗಳು ಬೇಕಾಗುತ್ತಾರೆಂದು ಮೋತಿಲಾಲ್ ನೆಹರೂ ತಡೆದರೆಂದೂ ಅವರ ಜೀವನಕಥನದಲ್ಲಿದೆ. 1945ರ ಆರಂಭದಲ್ಲಿ ಬರ್ಮಾದ ಅರಕಾನ್ ತೀರದ ಕಾಂಗಾವ್ ಕಾಳಗದಲ್ಲಿ ಒಂದೇ ಬ್ರಿಗೇಡಿನ ಮೂರು ಪಡೆಗಳನ್ನು ತಿಮ್ಮಯ್ಯ, ಎಸ್.ಪಿ.ಪಿ. ಥೋರಟ್ ಮತ್ತು ಎಲ್.ಪಿ. ಸೇನ್ ಮುನ್ನಡೆಸಿದರು. ಭಾರತೀಯನಿಗೆ ದಂಡಾಳತ್ವ ಒಗ್ಗದು ಎಂಬ ವಾದ ಅಲ್ಲಿಗೆ ಮುಗಿಯಿತು. ಮೂವರಿಗೂ ಡಿಎಸ್‌ಒ ಪದಕ ಸಂದಿತು. ಆದರೆ ತಿಮ್ಮಯ್ಯನವರ ಅಣ್ಣ ಪೊನ್ನಪ್ಪ ಸುಭಾಷರ ಆಜಾದ್ ಹಿಂದ್ ಫೌಜ್ ಸೇರಿದ್ದರು. ಪಠಾಣರ ಮನೆಯ ಕಥೆ ಮೂವತ್ತು ವರ್ಷಗಳ ತರುವಾಯ ಕೊಡಗಿನ ಮನೆಯಲ್ಲಿ!

ಪದಕಗಳಲ್ಲಿ ಬಣ್ಣದ ಭೇದವಷ್ಟೇ ಅಲ್ಲ, ಅಂತಸ್ತಿನ ಭೇದವೂ ಇತ್ತು. ಅಧಿಕಾರಿಗೆ ಮಿಲಿಟರಿ ಕ್ರಾಸ್, ಅದೇ ಸಾಹಸಕ್ಕೆ ಜವಾನನಿಗೆ ಮಿಲಿಟರಿ ಮೆಡಲ್. ಸತ್ತವನಿಗಂತೂ ಮಿಲಿಟರಿ ಕ್ರಾಸ್ ಇಲ್ಲ. 1942ರಲ್ಲಿ ಸಿಟಾಂಗ್ ಬಳಿ ಹೊಟ್ಟೆಗೆ ಗುಂಡು ತಗುಲಿ ಬಿದ್ದಿದ್ದ ಕ್ಯಾಪ್ಟನ್ ಸ್ಯಾಮ್ ಮಾಣೆಕ್‌ಷಾ ಬದುಕಲಾರರೆಂದು ಬಗೆದು ಜನರಲ್ ಕೋವನ್ ಆತುರಾತುರವಾಗಿ ತನ್ನದೇ ರಿಬ್ಬನ್ ಚುಚ್ಚಿದ್ದು ಈ ಕಾರಣಕ್ಕೆ. ನಿಯಮವನ್ನು ಮೀರಿದ ಒಂದು ಮಾನವೀಯ ಗಳಿಗೆ ಅದು.

ಪದಕಕ್ಕೆ ಹಣದ ಮುಖವೂ ಉಂಟು. 1944ರ ಡಿಸೆಂಬರ್‌ನಲ್ಲಿ ಕಲಾದಾನ್ ಕಣಿವೆಯಲ್ಲಿ ಮದ್ದುಗುಂಡು ಮುಗಿದ ಮೇಲೆ ಫಿರಂಗಿಯ ಕಬ್ಬಿಣದ ಸಲಾಕೆಯನ್ನೇ ಹಿಡಿದು ಹೋರಾಡಿದ ಹವಿಲ್ದಾರ್ ಉಮ್ರಾವ್ ಸಿಂಗ್, 1995ರಲ್ಲಿ ಯುದ್ಧದ ಸುವರ್ಣ ಸ್ಮರಣೆಗೆ ಲಂಡನ್ನಿಗೆ ಹೋದಾಗ ಪ್ರಧಾನಿ ಜಾನ್ ಮೇಜರ್ ಎದುರು ಪಿಂಚಣಿಯ ಮಾತೆತ್ತಿದರು. ವಿಕ್ಟೋರಿಯಾ ಕ್ರಾಸ್‌ನ ಗೌರವಧನ ವರ್ಷಕ್ಕೆ 100 ಪೌಂಡುಗಳಲ್ಲೇ ನಿಂತು ದಶಕಗಳಾಗಿದ್ದವು. ಆ ವರ್ಷ ಅದು 1,300 ಪೌಂಡಿಗೆ ಏರಿತು. ತಮ್ಮ ಪದಕವನ್ನು ಮಾತ್ರ ಕೊನೆಯವರೆಗೂ ಮಾರದ ಉಮ್ರಾವ್ ಸಿಂಗ್ 2005ರಲ್ಲಿ ತೀರಿಕೊಂಡರು.

ಸ್ವತಂತ್ರ ಭಾರತ 1950ರ ಜನವರಿ 26ರಂದು ಪರಮವೀರ, ಮಹಾವೀರ, ವೀರ ಚಕ್ರಗಳನ್ನು ಸ್ಥಾಪಿಸಿದಾಗ ಮೂರನ್ನೂ ಎಲ್ಲ ಶ್ರೇಣಿಯವರಿಗೂ ತೆರೆದಿಟ್ಟಿತು. ಬ್ರಿಟನ್ ತನ್ನ ಮಿಲಿಟರಿ ಮೆಡಲ್ ಕೈಬಿಟ್ಟು ಮಿಲಿಟರಿ ಕ್ರಾಸನ್ನು ಜವಾನರಿಗೂ ಕೊಡಲು ಒಪ್ಪಿದ್ದು 1993ರಲ್ಲಿ. ನಮ್ಮ ಗಣರಾಜ್ಯದ ಸಾಧನೆಗಳನ್ನು ಎಣಿಸುವವರು ಇದನ್ನೇಕೊ ಮರೆಯುತ್ತಾರೆ.

ಮೊದಲ ಪರಮವೀರ ಚಕ್ರ ಮೇಜರ್ ಸೋಮನಾಥ ಶರ್ಮಾ ಅವರಿಗೆ ಸಂದಿತು. ಅರಕಾನಿನಲ್ಲಿ ತಿಮ್ಮಯ್ಯನವರ ಕೈಕೆಳಗೆ ದುಡಿದಿದ್ದ ಅವರು 1947ರ ನವೆಂಬರ್ 3ರಂದು ಕಾಶ್ಮೀರದ ಬಡಗಾಂನಲ್ಲಿ ಮಡಿದಾಗ ನಾಲ್ಕನೇ ಕುಮಾವೂಂ ಪಡೆಯಲ್ಲಿದ್ದರು. ಬಿಳಿಯರು ಭಾರತೀಯರ ಕೈಕೆಳಗೆ ಬಾರದಂತೆ ಬೇರ್ಪಡಿಸಿಟ್ಟಿದ್ದ ಆ ನಾಲ್ಕನೇ ಹೈದರಾಬಾದ್ ಪಡೆಯೇ ಅಷ್ಟರಲ್ಲಿ ಈ ಹೆಸರು ಪಡೆದಿತ್ತು.